ಹುಣಸೆಹಣ್ಣಿಗೆ ಸವೆದ ಬಿಲ್ಲೆ

ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕುವಾಗ ಏಳುವ ಹುಳಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ತಿಕೋಟಾದ ಮನೆಯ ಹಿತ್ತಲು ಕಾಣುತ್ತದೆ. ಕಾಣುತ್ತದೆ ಎನ್ನುವುದನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ. ಬಾವಿಯ ಪಕ್ಕದ ಕಲ್ಲಿನ ಮೇಲೆ ನನ್ನ ಅಪ್ಪನ ಅಕ್ಕ, ರೂತಮ್ಮತ್ತಿ, ಸೀರೆ ಎತ್ತಿಕಟ್ಟಿ ಕೂತಿರುತ್ತಾಳೆ. ಕ್ರಿಸ್‌ಮಸ್ಸಿಗೆಂದು ಚರಗಿ, ತಂಬಿಗೆಗಳೆಲ್ಲ ಹೊಳೆದು ಬಿಸಿಲಿಗೆ ಬೋರಲು ಬಿದ್ದಿವೆ. ಕೊನೆಗೆ ಅವಳು ಸೆರಗಿನ ಗಂಟಿನಿಂದ ಒಂದು ದುಂಡನೆಯ ಹಿತ್ತಾಳೆ ಬಿಲ್ಲೆ ತೆಗೆಯುತ್ತಾಳೆ. ಹುಣಸೆ, ಒಲೆಯ ಬೂದಿ, ತೆಂಗಿನ ನಾರು. ತಿಕ್ಕುವಾಗ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅವಳ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹತ್ತಿ ಒತ್ತುವ ಯಂತ್ರ ಕೂಡಿಸಲು ಸ್ಕಾಟ್ಲೆಂಡಿನಿಂದ ಬಂದವನಂತೆ. ಹೊನವಾಡದ ಹೆಣ್ಣುಮಗಳನ್ನು ಮದುವೆಯಾಗಿ ಇಲ್ಲಿಯೇ ಮಣ್ಣಾದನಂತೆ. ಊರವರು ಅವನನ್ನು ಮ್ಯಾಕ್ ಸಾಹೇಬ ಎನ್ನುತ್ತಿದ್ದರು. ಟೊಪ್ಪಿಗೆಗೆ ಅವನು ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆ ಇದು. ನಮ್ಮ ಬಳಿ ಅವನದೆಂದು ಉಳಿದದ್ದು ಇದೊಂದೇ.

ಅವನ ಮಗ, ಅಂದರೆ ನನ್ನ ಅಜ್ಜ, ಹಬ್ಬದ ದಿನ ಕರಿ ಕೋಟಿಗೆ ಆ ಬಿಲ್ಲೆ ಹಚ್ಚಿಕೊಂಡು ವಿಜಯಪುರದ ಚರ್ಚಿಗೆ ಬಸ್ಸು ಹತ್ತುತ್ತಿದ್ದ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರು ಬಿಡುತ್ತಿರಲಿಲ್ಲ. “ಏನ್ ಕಾಕಾ, ಕಂಡಕ್ಟರ್ ನೌಕರಿ ಯಾವಾಗ ಸಿಕ್ತು?” ಅಜ್ಜ ನಗದೆ ಕೈ ಚಾಚುತ್ತಿದ್ದ: “ಮೊದ್ಲ ನಿನ್ನ ಟಿಕೀಟ್ ತೋರ್ಸು, ಮಗನ.” ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಧಾರವಾಡದಲ್ಲಿ ಓದು ಮುಗಿಸಿ ಬಂದ ಮೇಲೆ ಮಾತ್ರ ಆ ಚೇಷ್ಟೆ ನನ್ನನ್ನು ಬೇರೆ ಥರ ಕಾಡತೊಡಗಿತು. ಬಿಲ್ಲೆಯ ಹಿಂದೆ ಪಟ್ಟಿ ಪೋಣಿಸುವ ಎರಡು ಕೊಂಡಿಗಳಿದ್ದವು. ಹಳೆಯ ಕಚೇರಿಗಳ ಚಪರಾಸಿಗಳು ಎದೆಯ ಪಟ್ಟಿಗೆ ಹಾಕಿಕೊಳ್ಳುತ್ತಿದ್ದ ಬಿಲ್ಲೆಗೂ ಹೀಗೆಯೇ ಇರುತ್ತಿದ್ದವಲ್ಲ? ಹೊನವಾಡದ ಆ ಹೆಣ್ಣುಮಗಳು ಮದುವೆಯಾದದ್ದು ಸಾಹೇಬನನ್ನೋ, ಸಾಹೇಬನ ಚಪರಾಸಿಯನ್ನೋ? ಒಮ್ಮೆ ಅತ್ತೆಯ ಮುಂದೆ ಬಾಯಿಬಿಟ್ಟೆ. “ಲೇ, ನೀ ಸಾಲಿ ಕಲ್ತ ಮ್ಯಾಲೆ ಹೆತ್ತವ್ವನ್ನೂ ನಂಬೂದಿಲ್ಲ ನೋಡು” ಎಂದಳು.

ಮದುವೆಯಾಗದ ಅತ್ತೆ ಕೊನೆಯ ವರ್ಷಗಳಲ್ಲಿ ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನ ಜೊತೆಗೇ ಇದ್ದಳು. ತಿಕೋಟಾದ ಮನೆ ಅಷ್ಟರಲ್ಲಿ ಬೇರೆಯವರದಾಗಿ, ಕೆಡವಿಸಿಕೊಂಡು, ಅದರ ಜಾಗದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಎದ್ದಿತ್ತು. ಒಂದು ಮಧ್ಯಾಹ್ನ ಅವಳು ಬಿಲ್ಲೆಯನ್ನು ನನ್ನ ಕೈಗಿಟ್ಟು, “ನಾ ಸತ್ತಾಗ ಎದಿ ಮ್ಯಾಲೆ ಸರಿಯಾದ ಬಿಲ್ಲೆ ಹಚ್ಚಿ ಕಳಸಪಾ. ಮುತ್ಯಾ ನನ್ನ ನೋಡೇ ಇಲ್ಲ. ಈ ಕರೀ ಮಾರಿ ನೋಡಿ ‘ನಮ್ಮಾಕಿ’ ಅಂತ ಹ್ಯಾಂಗ ಗುರ್ತ ಹಿಡೀಬೇಕು ಅಂವಾ?” ಎಂದಳು.

“ಇದೇ ಐತೆಲ್ಲ, ಅತ್ತಿ.”

“ಇದರ ಮ್ಯಾಲೆ ಏನೈತಿ ಹೇಳು ನೋಡೂಣು?”

ಏನೂ ಇರಲಿಲ್ಲ. ಅಂಚಿಗೆ ಸುತ್ತಿದ ಪಟ್ಟಿಯಂಥ ಒಂದು ಗೆರೆ ಬಿಟ್ಟರೆ ನಡುವೆ ಬರೀ ನುಣುಪು. ಸಿಂಹವಿತ್ತೋ, ಹೂವಿತ್ತೋ, ಯಾವುದಾದರೂ ಕಚೇರಿಯ ಹೆಸರಿತ್ತೋ, ಹಬ್ಬಹಬ್ಬಕ್ಕೂ ಗೌರವದಿಂದ ತಿಕ್ಕಿ ತಿಕ್ಕಿ ನಾವೇ ಅಳಿಸಿಬಿಟ್ಟಿದ್ದೆವು.

ಸರಿಯಾದದ್ದನ್ನು ಹುಡುಕಲು ಕೂತೆ. ನಮ್ಮಲ್ಲಿ ಕುಲದೊಳಗೆ ಬೆಡಗುಗಳೆಂಬ ಮನೆತನದ ಗುಂಪುಗಳಿದ್ದಂತೆ ಸ್ಕಾಟ್ಲೆಂಡಿನಲ್ಲಿಯೂ ಇವೆಯಂತೆ. ಒಂದೊಂದಕ್ಕೂ ಒಂದು ಲಾಂಛನ. ಮುಖ್ಯಸ್ಥನೊಬ್ಬನೇ ಅದನ್ನು ಪಟ್ಟಿಯಿಲ್ಲದೆ ಧರಿಸಬಹುದು, ಉಳಿದವರು ಸುತ್ತ ಬಕಲಿನ ಪಟ್ಟಿ ಇರುವುದನ್ನೇ ಧರಿಸಬೇಕು. ಬಿಲ್ಲೆಯ ಹಿಂದೆ ಆ ಬೆಡಗಿನ ಗಿಡದ ಒಂದು ಕುಡಿ ಸಿಕ್ಕಿಸುವ ಪದ್ಧತಿಯೂ ಇದೆ. ಆದರೆ ಯಾವ ಬೆಡಗು? ನಮ್ಮ ಬಾಯಲ್ಲಿ ಉಳಿದದ್ದು ‘ಮ್ಯಾಕ್’ ಎಂಬ ಅರ್ಧ ಹೆಸರು, ಆ ದೇಶದಲ್ಲಿ ಹಾಗೆ ಶುರುವಾಗುವ ಹೆಸರುಗಳಿಗೆ ಲೆಕ್ಕವಿಲ್ಲ. ಹೆಸರು ಕೊಟ್ಟರೆ ಬಿಲ್ಲೆ ಮಾಡಿಕೊಡುವ ಅಂಗಡಿಯೊಂದು ಫೋನಿನಲ್ಲಿ ಸಿಕ್ಕಿತು. ಅನುಮಾನ ಬಂದು ಪಕ್ಕದ ಮನೆಯ ಬಿರಾದಾರರ ಹೆಸರು ಒತ್ತಿದೆ. ಕಿರೀಟ ಹೊತ್ತ ಸಿಂಹವೊಂದು ಥಟ್ಟನೆ ಎದ್ದು ನಿಂತಿತು. ಅತ್ತೆ ಕನ್ನಡಕ ಏರಿಸಿ ನೋಡಿದಳು. “ಬಿರಾದಾರಗ ಸಿಂಹ ಸಿಕ್ತು. ನಮಗೇನೂ ಇಲ್ಲೇನು?”

ಗಿಡದ ಕುಡಿಯ ಸಂಗತಿ ಓದಿದಾಗಿನಿಂದ ನನಗೊಂದು ಚಿತ್ರ ಕಾಣತೊಡಗಿತ್ತು. ದನ ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೆ ಹಾಕಿದ ಮುಳ್ಳಿನ ಕುಸುಬಿ. ಬಸ್ಸಿಗೆ ಹೊರಟ ಅಜ್ಜ ಬಗ್ಗಿ ಅದರ ಕೆಂಪು ಹಳದಿ ಹೂವೊಂದನ್ನು ಕಿತ್ತು ಬಿಲ್ಲೆಯ ಹಿಂದೆ ಸಿಕ್ಕಿಸಿಕೊಳ್ಳುತ್ತಾನೆ. ಓದಿದ ಮೇಲೆ ಬಂದ ನೆನಪನ್ನು ನಾನು ನಂಬುವುದಿಲ್ಲ. ಕ್ರಿಸ್‌ಮಸ್ಸಿನ ಹೊತ್ತಿಗೆ ನಮ್ಮ ಕಡೆ ಕುಸುಬಿ ಅರಳಿರುವುದೂ ಇಲ್ಲ. ಆದರೂ ಅತ್ತೆಯನ್ನು ಕೇಳಿದೆ. ಅವಳು ಬಿಲ್ಲೆಯನ್ನು ಮಗುಚಿ ಹಿಂದಿನ ಕೊಂಡಿಗಳ ಮೇಲೆ ಬೆರಳಾಡಿಸಿದಳು. “ಹೂ ಎಲ್ಲಿಂದ ಬರ್ತೈತೋ, ಹುಚ್ಚಪ್ಪ? ಅಪ್ಪ ಬರೇ ಮುಳ್ಳಿನ ಮೊಗ್ಗಿ ಇಡ್ತಿದ್ದ. ಕೋಟು ಹರದೀತು ಅಂತ ಅವ್ವ ಬೈತಿದ್ಲು. ಹೂ ನೀ ಹಚ್ಚೀದಿ.” ಅವಳಿಗೆ ನಿಜವಾಗಿ ನೆನಪಿತ್ತೋ, ನಾನು ಕೇಳಿದೆನೆಂದು ಆ ಗಳಿಗೆಯಲ್ಲಿ ಹುಟ್ಟಿತೋ? ಮತ್ತೆ ಕೇಳಿ ಅದನ್ನೂ ಸವೆಸಲು ನನಗೆ ಧೈರ್ಯವಾಗಲಿಲ್ಲ.

ಫೆಬ್ರುವರಿಯಲ್ಲಿ ಅತ್ತೆ ಹೋದಳು. ತಿಕೋಟಾದಲ್ಲಿಯೇ ಮಣ್ಣು ಮಾಡಿದೆವು. ಬೆಳಿಗ್ಗೆ ನಾನೇ ಹುಣಸೆ ನೆನೆಹಾಕಿ ಬಿಲ್ಲೆಯನ್ನು ತಿಕ್ಕಿದೆ. ಏನಾದರೂ ಉಳಿದಿದ್ದರೆ ಅದೂ ನನ್ನ ಕೈಯಲ್ಲೇ ಹೋಯಿತು. ಪೆಟ್ಟಿಗೆಯನ್ನು ಇನ್ನೂ ಮುಚ್ಚದೆ ಕುಣಿಯ ಪಕ್ಕ ಇಳಿಸಿದಾಗ ನಾನು ಅಲ್ಲಿಯ ಹೊಲಕ್ಕೆ ಹೋದೆ. ಅಂಚಿನುದ್ದಕ್ಕೂ ಕುಸುಬಿ ಅರಳಿ ಬೆಂಕಿಯಂತೆ ನಿಂತಿತ್ತು, ಕೆಲವು ಆಗಲೇ ಒಣಗಿದ್ದವು. ನನಗೆ ಹೂ ಬೇಕಿರಲಿಲ್ಲ. ಪಂಚೆಗೆ ಮುಳ್ಳು ಹತ್ತಿಸಿಕೊಂಡು ಸಾಲುಗಳ ನಡುವೆ ಅರಳದ ಮೊಗ್ಗಿಗಾಗಿ ಹುಡುಕಾಡಿದೆ. ಬದುವಿನ ನೆರಳಲ್ಲಿ, ಬೆಳೆಯುವುದರಲ್ಲಿ ಹಿಂದೆ ಬಿದ್ದ ಗಿಡವೊಂದರಲ್ಲಿ ಸಿಕ್ಕಿತು. ಅದನ್ನು ಬಿಲ್ಲೆಯ ಹಿಂದಿಟ್ಟು ಅವಳ ಎದೆಯ ಮೇಲೆ ಹಚ್ಚುವಾಗ ಬೆರಳಿಗೆ ಚುಚ್ಚಿತು.

ಗುದ್ದಲಿ ಹಿಡಿದು ನಿಂತವನು ಬಗ್ಗಿ ನೋಡಿ ಕೇಳಿದ: “ಯಾವ ಬಿಲ್ಲೆರೀ ಅದು, ಸರ?”

“ನಮ್ಮ ಮನೀದು” ಎಂದೆ.

ಅವನು ತಲೆಯಾಡಿಸಿದ. ರಸ್ತೆಯಾಚೆಯ ಶೆಡ್ಡಿನಿಂದ ಒಣಗುವ ದ್ರಾಕ್ಷಿಯ ವಾಸನೆ ಬರುತ್ತಿತ್ತು. ನನ್ನ ಬೆರಳಲ್ಲಿ ಮಾತ್ರ ಇನ್ನೂ ಹುಣಸೆಹಣ್ಣಿನ ಹುಳಿ ಇತ್ತು.