ಜೀನ ಕುರಿ

ಅವಳಿ ಮರಿ ಹಾಕಿಸುವ ಜೀನು ಯಾವ ಕುರಿಯಲ್ಲಿದೆ ಎಂದು ರಕ್ತ ಪರೀಕ್ಷಿಸಿ ಹುಡುಕುವುದು ನನ್ನ ಕೆಲಸ. ತಳಕಲ್ಲಿನ ಹನಮವ್ವನ ಕುರಿ ಚೊಚ್ಚಲಿಗೆ ಒಂದೇ ಮರಿ ಹಾಕಿತ್ತು. ಗಂಡ ಆ ಕುರಿಯನ್ನು ಸಂತೆಯಲ್ಲಿ ಮಾರಲು ಹೊರಟಿದ್ದ. ಅಷ್ಟರಲ್ಲಿ ಪರೀಕ್ಷೆಯ ಫಲಿತಾಂಶ ಬಂತು.

"ಛಲೋ ಸುದ್ದಿ ಐತಿ ಯವ್ವಾ, ನಿಮ್ಮ ಕುರಿಯಾಗ ಜೀನು ಐತಿ" ಎಂದೆ.

ಹನಮವ್ವನಿಗೆ ಸಿಟ್ಟು ಬಂತು. "ಒಂದ ಮರಿ ಹಾಕೈತಿ ಅಂತ ಜೀನ ಅಂತೀರೇನ್ರಿ? ಜೀನ ಇದ್ರ ನಮ್ಮನಿಯವರು ಅದಾರ!"

ಈ ಕಡೆ ಜೀನ ಎಂದರೆ ಜಿಪುಣ ಎಂಬುದು ಆಗ ನೆನಪಾಯಿತು. "ಹಂಗಲ್ಲ ಯವ್ವಾ, ಈ ಜೀನು ಇದ್ರ ಮುಂದ ಅವಳಿ ಮರಿ ಹಾಕೋದು ಭಾಳ" ಎಂದೆ.

"ಹಂಗಾರ ಮಾರೂದು ಬ್ಯಾಡ" ಎಂದು ಗಂಡ ಸಂತೆಗೆ ಒಯ್ಯಲು ಕುರಿಗೆ ಕಟ್ಟಿದ್ದ ಹಗ್ಗ ಬಿಚ್ಚಿದ.

ಹನಮವ್ವ ನಕ್ಕಳು. "ಇವರ ರಕ್ತಾನೂ ಒಂದೀಟು ನೋಡ್ರಿ, ಯಾವ ಜೀನು ಐತಿ ಅಂತ."

ಪರೀಕ್ಷೆ ಪುಕ್ಕಟೆಯೇ ಎಂದು ಖಾತ್ರಿ ಮಾಡಿಕೊಂಡು ಗಂಡ ತೋಳು ಚಾಚಿದ.