ಬಾಕಿ ಉಳಿದ ನಾಲ್ಕು ಸಾಲು

ದೇವರ ಕಾಲಗಳನ್ನು ಬಲ್ಲ ಗುರುಗಳ ಸಾಲಿನಲ್ಲಿ ನಮ್ಮ ಕ್ರೈಸ್ತ ದೇವಾಲಯದ ಸ್ವಾಮಿಗಳಿಗೆ ಮೊದಲ ಮಣೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಯಾವತ್ತು ಶುರು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಯಾವತ್ತು ಮುಗಿಯುತ್ತದೆ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಅವರ ಭಾನುವಾರದ ಪ್ರಸಂಗ ಶುರುವಾದಾಗ ಮಡಿಲಲ್ಲಿದ್ದ ಕೂಸು, ಮುಗಿಯುವಾಗ ಮದುವೆಗೆ ಬಂದಿರುತ್ತಿತ್ತು. ಅವರ ನಿವೃತ್ತಿಯ ನೆನಪಿನ ಈ ಪುಸ್ತಕಕ್ಕೆ ಪೂಜೆಯ ಪೀಠದ ಬಟ್ಟೆ ಒಗೆಯುವ ನಾನೂ ಬರೆಯಬೇಕಂತೆ. ಒಳ್ಳೆಯದನ್ನೇ ಬರೆಯುತ್ತೇನೆ, ಆದಷ್ಟು.

ಅವರು ಬಂದಾಗ ನನಗೆ ಅಕ್ಷರ ಬರುತ್ತಿರಲಿಲ್ಲ. ಹಬ್ಬಕ್ಕೆ ಬಿಳಿ ಬಟ್ಟೆ, ತಪಸ್ಸಿಗೆ ನೇರಳೆ, ಹಬ್ಬವಿಲ್ಲದ ಉದ್ದನೆಯ ವಾರಗಳಿಗೆ ಹಸಿರು, ಎಲ್ಲ ಬಾಯಿಪಾಠ. ಇಸ್ತ್ರಿ ಮೇಜಿನ ಮೇಲೆ ಸ್ಲೇಟು ಇಟ್ಟು, ಐವತ್ತು ದಾಟಿದ ನನಗೆ ಓದು ಕಲಿಸಿದವರು ಅವರೇ.

"ನಾನು ಕಲಿಯೋದ್ರೊಳಗೆ ಲೋಕಾನೇ ಮುಗಿದುಹೋಗುತ್ತೆ ಸ್ವಾಮಿ" ಅಂದರೆ, "ಮುಗೀಲಿ, ಆವತ್ತಿಗೂ ಒಗೆದ ಬಟ್ಟೆ ಬೇಕಲ್ಲಮ್ಮ" ಎನ್ನುತ್ತಿದ್ದರು.

ಆ ಉಪಕಾರ ಮರೆಯುವಂಥದ್ದಲ್ಲ.

ಅವರು ಬಂದ ಮೂರನೆಯ ವರ್ಷದ ಶುಭ ಶುಕ್ರವಾರ, ಇದೇ ದೇವಾಲಯದ ಗಂಟೆ ಹೊಡೆಯುತ್ತಿದ್ದ ನಮ್ಮ ಯಜಮಾನರು ತೀರಿಕೊಂಡರು. ಶನಿವಾರ ಬೆಳಿಗ್ಗೆ ಮಣ್ಣು. ಹಬ್ಬದ ಹಾಡಿನ ಅಭ್ಯಾಸಕ್ಕೆ ಜನ ಕಾಯುತ್ತಿದ್ದರು. ಸ್ವಾಮಿಗಳು ಗುಂಡಿಯ ಪಕ್ಕದಲ್ಲೇ ಪ್ರಾರ್ಥನೆಯ ಪುಸ್ತಕ ಮುಚ್ಚಿ, "ಇನ್ನೊಂಚೂರು ಉಳಿದಿದೆ. ಹಬ್ಬ ಕಳೀಲಮ್ಮ, ಬಂದು ಮುಗಿಸ್ತೀನಿ" ಅಂದರು.

ಮರುದಿನ ಈಸ್ಟರ್. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಪೀಠಕ್ಕೆ ಬಿಳಿಯ ಬದಲು ನೇರಳೆ ಹಾಸಿಬಿಟ್ಟಿದ್ದೆ. ತುಂಬಿದ ಜನರೆದುರು ಸ್ವಾಮಿಗಳು ಅದನ್ನು ಎಳೆದು ನನ್ನ ತೋಳಿಗೆ ಹಾಕಿ, "ಇವತ್ತು ಅಳೋ ದಿನ ಅಲ್ಲ" ಅಂದರು.

ಹಬ್ಬ ಕಳೆಯಿತು. ಕೇಳಿದೆ. "ಮಕ್ಕಳ ಮೊದಲ ಪರಮಪ್ರಸಾದ ಇದೆಯಮ್ಮ." ಆಗಮನ ಕಾಲದಲ್ಲಿ ಕೇಳಿದೆ. "ಕ್ರಿಸ್‌ಮಸ್ ತಲೆ ಮೇಲಿದೆ." ತಪಸ್ಸುಕಾಲದಲ್ಲಿ, "ಶಿಲುಬೆ ಹಾದಿ ಇದೆ." ಯಾವ ಹಬ್ಬವೂ ಇಲ್ಲದ ಹಸಿರು ಕಾಲದಲ್ಲಿ ಕೇಳಿದೆ. "ಈಗೇನಮ್ಮ ಅವಸರ?"

ಹೀಗೆ ಹದಿನಾರು ವರ್ಷ. ನಾನು ಇಸ್ತ್ರಿ ಮಾಡಿದ ಬಟ್ಟೆಯನ್ನೆಲ್ಲ ಸೇರಿಸಿ ಹೊಲಿದರೆ ಆಕಾಶಕ್ಕೆ ಎರಡು ಸಲ ಪರದೆ ಕಟ್ಟಬಹುದು.

ಹೋದ ವರ್ಷ ಕಪಾಟು ಒರೆಸುವಾಗ ಆ ಪ್ರಾರ್ಥನೆಯ ಪುಸ್ತಕ ಸಿಕ್ಕಿತು. ಅವರು ಗುರುತಿಗೆ ಇಟ್ಟ ಚೀಟಿ ಅಲ್ಲೇ ಇತ್ತು. ಅವರು ಕಲಿಸಿದ ಅಕ್ಷರದಿಂದಲೇ ಓದಿದೆ. ಉಳಿದದ್ದು ನಾಲ್ಕೇ ಸಾಲು. ಅದೂ ಸತ್ತವರಿಗಲ್ಲ, ಹಿಂದೆ ಉಳಿದವರಿಗೆ ಸಮಾಧಾನ ಕೇಳುವ ಪ್ರಾರ್ಥನೆ.

ನಾನೇ ಗಟ್ಟಿಯಾಗಿ ಓದಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ನನಗೋಸ್ಕರ ಬೇರೆಯವರು ಕೇಳಬೇಕಾದದ್ದನ್ನು ನಾನೇ ಹೇಗೆ ಕೇಳಿಕೊಳ್ಳಲಿ?

ಇನ್ನು ಸ್ವಾಮಿಗಳಿಗೆ ಹಬ್ಬದ ಓಡಾಟವಿಲ್ಲ. ನನ್ನ ಹಾಗೆ ಅವರಿಗೂ ವರ್ಷವಿಡೀ ಹಸಿರು. ದೇವರು ಅವರಿಗೆ ನೂರು ವರ್ಷ ಆಯುಸ್ಸು ಕೊಡಲಿ, ಕಣ್ಣು ಮಂಜಾಗದಿರಲಿ. ಆ ಪ್ರಾರ್ಥನೆಯ ಪುಸ್ತಕ ನನ್ನ ಚೀಲದಲ್ಲಿದೆ, ಚೀಟಿ ತೆಗೆದಿಲ್ಲ. ಶನಿವಾರ ಬೆಳಿಗ್ಗೆ ಯಜಮಾನರ ಗೋರಿಯ ಹತ್ತಿರ ಇರುತ್ತೇನೆ.