ಇಂಗಳೀಕಕ್ಕೆ ಬಿಸಿಲು

ಹೊಟ್ಟೆ ಉರಿಸಿಕೊಳ್ಳಲಿಕ್ಕೆಂದೇ ಪ್ರತಿ ಭಾನುವಾರ ಟಿಕೆಟ್ ತೆಗೆದು ಹೋಗುವ ಮನುಷ್ಯ ಉಡುಪಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಕಾರ್ಕಳದಲ್ಲಿ ಬಸ್ಸು ಹತ್ತಿ ಪಡುಬಿದ್ರಿ, ಅಲ್ಲಿ ಬದಲಿಸಿ ಉಚ್ಚಿಲ ದಾಟಿ ಕಾಪು. ಕಾಪುವಿನಲ್ಲಿ ನನ್ನ ಗೆಳೆಯರೊಬ್ಬರ ಮನೆ. ಆ ಮನೆಯ ಮಹಡಿಯ ಕೋಣೆಯಲ್ಲಿ, ಪಡುವಣ ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಕಲ್ಲು. ಗೆಳೆಯರನ್ನು ನೋಡಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಹೋಗುತ್ತಿದ್ದದ್ದು ಆ ಕಲ್ಲನ್ನು ನೋಡಲು. ಅದು ನನ್ನದಾಗಬೇಕಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಖನಿಜದ ಕಲ್ಲುಗಳನ್ನು ಕೂಡಿಡುವ ಹುಚ್ಚು ನೌಕರಿಗಿಂತಲೂ ಹಳೆಯದು. "ಕಾರ್ಕಳದಲ್ಲಿ ಕಲ್ಲಿಗೆ ಬರಗಾಲವಾ? ಬಾಗಿಲು ತೆಗೆದರೆ ಬಂಡೆ ಉಂಟು. ಇನ್ನು ದುಡ್ಡು ಕೊಟ್ಟು ತರುವುದು ಎಂತಕ್ಕೆ?" ಎಂದು ನನ್ನ ಹೆಂಡತಿ ಮದುವೆಯಾದ ವರ್ಷವೇ ಕೇಳಿದ್ದಳು. ನಾನು ಇಂದಿಗೂ ತರುತ್ತಲೇ ಇದ್ದೇನೆ.

ಕಾಪುವಿನ ಗೆಳೆಯರು ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಹುಟ್ಟಿದ್ದು ಉಚ್ಚಿಲದಲ್ಲಿ, ದುಡಿದದ್ದು ಗಲ್ಫಿನಲ್ಲಿ, ಈಗ ಕಾಪುವಿನಲ್ಲಿ ವಾಚಿನ ಅಂಗಡಿ. ವಾಚು ರಿಪೇರಿಯ ಭೂತಗನ್ನಡಿಯಲ್ಲೇ ಕಲ್ಲುಗಳನ್ನೂ ನೋಡಿ ನೋಡಿ ಕಣ್ಣು ಹರಿತವಾಗಿದೆ. ನಮ್ಮ ಪರಿಚಯವಾದದ್ದು ಮಣಿಪಾಲದ ಒಂದು ಪ್ರದರ್ಶನದಲ್ಲಿ. ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ಇಬ್ಬರೂ ನಿಂತು, ಅರ್ಧ ಗಂಟೆಯಾದರೂ ಇಬ್ಬರೂ ಜಾಗ ಬಿಡಲಿಲ್ಲ. ಕೊನೆಗೆ ಅವರೇ ನಕ್ಕು ಮಾತಾಡಿಸಿದರು. ನಾನು ಅವರಿಗೆ ಸಾಹೇಬ್ರೇ ಎನ್ನುತ್ತೇನೆ, ಅವರು ನನಗೆ ಮಾಷ್ಟ್ರೇ ಎನ್ನುತ್ತಾರೆ. ಊರಿನ ಸುದ್ದಿಯೆಲ್ಲ ತುಳುವಿನಲ್ಲಿ. ಕಲ್ಲಿನ ವಿಷಯ ಬಂದರೆ ಮಾತ್ರ ಇಬ್ಬರೂ ತಿಳಿಯದೆಯೇ ಕನ್ನಡಕ್ಕೆ ಹೊರಳುತ್ತೇವೆ, ಇಬ್ಬರೂ ಅದನ್ನು ಶಾಲೆಯಲ್ಲಿ ಕಲಿತದ್ದು ಕನ್ನಡದಲ್ಲಿ ಎಂಬ ಕಾರಣಕ್ಕೆ.

ನಮ್ಮೊಳಗೆ ಅದಲುಬದಲು ನಡೆಯುತ್ತಿತ್ತು. ಪುಣೆ ಕಡೆಯ ಹಸಿರು ಹರಳಿನ ಗೊಂಚಲೊಂದನ್ನು ನಾನು ಕೊಟ್ಟೆ, ಹಿತ್ತಾಳೆಯ ಹಾಗೆ ಹೊಳೆಯುವ ಚೌಕ ಹರಳುಗಳ ಪೈರೈಟ್ ಅವರು ಕೊಟ್ಟರು. ಪ್ರತಿ ಸಲವೂ ವಾಪಸು ಬರುವ ಬಸ್ಸಿನಲ್ಲಿ, ಬೆಳ್ಮಣ್ ದಾಟುವಷ್ಟರಲ್ಲಿ, ನಾನು ಮೋಸಹೋದೆ ಎಂದು ನನಗೆ ಅನ್ನಿಸುತ್ತಿತ್ತು. ಅವರಿಗೆ ಒಂದು ಸಲವೂ ಹಾಗೆ ಅನ್ನಿಸಿದಂತಿಲ್ಲ. ಅದೂ ನನಗೆ ಸಹನೆಯಾಗುತ್ತಿರಲಿಲ್ಲ.

ಆದರೂ ಒಂದು ವಿಷಯದಲ್ಲಿ ನಾನು ಅವರಿಗಿಂತ ಮೇಲೆ ಎಂದು ನಂಬಿದ್ದೆ. ನನ್ನ ಅಪ್ಪ ಯಕ್ಷಗಾನದ ಮೇಳದಲ್ಲಿ ರಾಕ್ಷಸರ ಬಣ್ಣದ ವೇಷ ಮಾಡುತ್ತಿದ್ದರು. ಮುಖಕ್ಕೆ ಹಚ್ಚುವ ಬಣ್ಣಗಳ ಪೆಟ್ಟಿಗೆಯಲ್ಲಿ ಹಳದಿಗೆ ಅರದಾಳ, ಕಪ್ಪಿಗೆ ಕಾಡಿಗೆ, ಕೆಂಪಿಗೆ ಇಂಗಳೀಕ. ಇಂಗಳೀಕದ ಗಟ್ಟಿಯನ್ನು ಮಾತ್ರ ಅವರು ಕಪ್ಪು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. "ಇದಕ್ಕೆ ಬಿಸಿಲು ತೋರಿಸಬಾರದು. ಸಿಟ್ಟಿನಲ್ಲಿ ಮುಖ ಕಪ್ಪು ಮಾಡ್ಕೊಳ್ತದೆ" ಎನ್ನುತ್ತಿದ್ದರು. ಕಾಲೇಜಿಗೆ ಹೋದ ಮೇಲೆ ಇಂಗಳೀಕವೆಂದರೆ ಸಿನ್ನಬಾರ್, ಪಾದರಸವೂ ಗಂಧಕವೂ ಕೂಡಿದ ಅದಿರು, ಬೆಳಕಿಗೆ ನಿಜವಾಗಿಯೂ ಕಪ್ಪಾಗುತ್ತದೆ ಎಂದು ಓದಿ ನನಗೆ ಅಪ್ಪನ ಮೇಲೆ ಗೌರವ ಹುಟ್ಟಿತು. ಅವರು ತೀರಿಕೊಂಡ ಮೇಲೆ ಆ ಗಟ್ಟಿಯನ್ನು ನನ್ನ ಕಪಾಟಿನ ನಡುವೆ ಇಟ್ಟು, "ಸಿನ್ನಬಾರ್, ನೈಸರ್ಗಿಕ" ಎಂದು ಚೀಟಿ ಅಂಟಿಸಿದೆ. ಬಂದವರಿಗೆಲ್ಲ ತೋರಿಸಿದೆ.

ಸಾಹೇಬರು ಕಾರ್ಕಳಕ್ಕೆ ಬಂದಾಗ ಅವರಿಗೂ ತೋರಿಸಿದೆ. ಅವರು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಮಾಷ್ಟ್ರೇ, ಇದು ಗ್ರಂಥಿಗೆ ಅಂಗಡಿದ್ದಲ್ವಾ?" ಎಂದರು.

ಗಟ್ಟಿಯೊಳಗೆ ಸೂಜಿಗಳನ್ನು ಒತ್ತಾಗಿ ನಿಲ್ಲಿಸಿದ ಹಾಗೆ ಬೆಳ್ಳಿಯ ಗೆರೆಗಳಿದ್ದವು. ಪಾದರಸ, ಗಂಧಕ ಎರಡನ್ನೂ ಪಾತ್ರೆಯಲ್ಲಿ ಕಾಯಿಸಿದರೆ ಆವಿ ಮೇಲೆ ಹೋಗಿ ಮುಚ್ಚಳದಲ್ಲಿ ಹೀಗೆ ಗೆರೆಗೆರೆಯಾಗಿ ಕೂರುತ್ತದೆ. ಔಷಧಿಗೆ, ಬಣ್ಣಕ್ಕೆ ಮಾರುವ ಇಂಗಳೀಕವೆಲ್ಲ ಹೀಗೆ ಮಾಡಿದ್ದೇ. ವಿಜ್ಞಾನದ ಮಾಷ್ಟ್ರಾದ ನನಗೆ ಇದು ಹೊಳೆಯಬೇಕಿತ್ತು. "ಬಣ್ಣ ಚೆಂದ ಉಂಟು" ಎಂದು ಅವರು ಸಮಾಧಾನ ಹೇಳಿದರು. ಹಾಗೆ ಸಮಾಧಾನ ಹೇಳುವ ಬದಲು ಅವರು ನಕ್ಕಿದ್ದರೆ ನಾನು ಕ್ಷಮಿಸುತ್ತಿದ್ದೆ. ಮರುವಾರ ಉಡುಪಿಯ ಗ್ರಂಥಿಗೆ ಅಂಗಡಿಯೊಂದಕ್ಕೆ ಹೋಗಿ, ಅಳಲೆಕಾಯಿ, ಹಿಪ್ಪಲಿಯ ಡಬ್ಬಿಗಳ ನಡುವೆ ನನ್ನ ಗಟ್ಟಿಯದೇ ತಮ್ಮಂದಿರು ಒಂದು ಡಬ್ಬಿ ತುಂಬ ಮಲಗಿದ್ದನ್ನು ಕಂಡೆ. "ಎಷ್ಟು ಗ್ರಾಂ ಬೇಕು?" ಎಂದು ಅಂಗಡಿಯವರು ಕೇಳಿದರು. ಮನೆಗೆ ಬಂದು ಚೀಟಿ ಕಿತ್ತೆ.

ಅಂದಿನಿಂದ ನಿಜವಾದ ಸಿನ್ನಬಾರ್ ಒಂದು ಬೇಕೇಬೇಕು ಎಂಬ ಹಟ ಹಿಡಿಯಿತು. ಬೆಂಗಳೂರಿನ ಒಬ್ಬ ವ್ಯಾಪಾರಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಚೀನಾದ್ದು. ಸಕ್ಕರೆಯಂಥ ಬಿಳಿ ಕಲ್ಲಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಅವಳಿ ಹರಳು, ಒಂದರೊಳಗೊಂದು ಹೊಕ್ಕು ನಿಂತದ್ದು. ಬೆಳಕಿಗೆ ಹಿಡಿದ ಪುನರ್ಪುಳಿ ಶರಬತ್ತಿನ ಹಾಗೆ ಅಂಚಿನಲ್ಲಿ ಕೆಂಪು ಹಾಯುತ್ತಿತ್ತು. ಬೆಲೆ ಕೇಳಿ ಫೋನನ್ನು ಮಗುಚಿ ಇಟ್ಟೆ. ಸ್ವಲ್ಪ ದಿನ ಸುಮ್ಮನಿದ್ದರೆ ವ್ಯಾಪಾರಿ ತಾವಾಗಿ ಬೆಲೆ ಇಳಿಸುತ್ತಾರೆ ಎಂದು ನನ್ನ ಲೆಕ್ಕಾಚಾರ. ಆದರೆ ಬಾಯಿ ಸುಮ್ಮನಿರಬೇಕಲ್ಲ. ಫೋಟೋವನ್ನು ಸಾಹೇಬರಿಗೆ ತೋರಿಸಿದೆ.

"ನಿಮಗೆ ಬೇಕಾ ಮಾಷ್ಟ್ರೇ?" ಎಂದು ಅವರು ಕೇಳಿದರು.

"ಬೇಡ" ಎಂದೆ.

"ನಿಜವಾಗ್ಲೂ ಬೇಡ್ವಾ?"

"ಬೇಡ ಸಾಹೇಬ್ರೇ."

ನಮ್ಮ ಕಡೆ ಬೇಡ ಎಂಬ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಎಲೆಯ ಮುಂದೆ ಕೂತವನು ಬೇಡ ಎಂದು ಕೈ ಅಡ್ಡ ಹಿಡಿದರೂ ಬಡಿಸುವವರು ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಪಾಯಸ ಬಿಡುತ್ತಾರೆ. ಮೂರನೆಯ ಸಲ ಕೇಳಿದ್ದರೆ ನಾನು ಒಪ್ಪುತ್ತಿದ್ದೆನೇನೋ. ಅವರು ಎರಡೇ ಸಲ ಕೇಳಿದರು. ಹತ್ತು ದಿನ ಬಿಟ್ಟು ಕಾಪುವಿಗೆ ಹೋದಾಗ ಆ ಅವಳಿ ಹರಳು ಅವರ ಮೇಜಿನ ಮೇಲಿತ್ತು. "ನಿಮಗೆ ಬೇಡ ಅಂದ್ರಲ್ಲ, ಹಾಗೆ ನಾನು ತರಿಸಿದೆ. ಬೇರೆಯವರ ಪಾಲಾಗುವುದು ಬೇಡ. ನಮ್ಮಿಬ್ಬರಲ್ಲಿ ಯಾರ ಮನೆಯಲ್ಲಿದ್ರೆ ಎಂತ?" ಎಂದರು.

ಎಂತ ಎಂದರೆ ಎಲ್ಲವೂ. ಫೋಟೋಕ್ಕಿಂತ ಕಲ್ಲು ಚೆಂದವಿತ್ತು. ಅವರ ಹೆಂಡತಿ ತಂದಿಟ್ಟ ಅಕ್ಕಿಹಿಟ್ಟಿನ ಪತ್ತಿರಿ ರೊಟ್ಟಿ ಬಾಯಿಗೆ ಹೋಗಲಿಲ್ಲ. ನನ್ನ ನಕಲಿ ಗಟ್ಟಿಯನ್ನು ಪತ್ತೆಹಚ್ಚಿದ ಮನುಷ್ಯನ ಮೇಜಿನ ಮೇಲೆಯೇ ಅಸಲಿಯೂ ಬಂದು ಕೂರಬೇಕೇ? ದೇವರು ಹಲ್ಲಿದ್ದವನಿಗೇ ಕಡಲೆಯನ್ನೂ ಕೊಟ್ಟುಬಿಟ್ಟಿದ್ದ.

ಆಗ ಕಿಟಕಿ ಕಂಡಿತು. ಮಧ್ಯಾಹ್ನ ಇಳಿದ ಮೇಲೆ ಸಮುದ್ರದ ಕಡೆಯಿಂದ ಬಿಸಿಲು ನೇರವಾಗಿ ಆ ಮೇಜಿನ ಮೇಲೆ ಬೀಳುತ್ತಿತ್ತು. ಕಲ್ಲಿನ ಮೇಲೂ ಬಿದ್ದಿತ್ತು. ಮಾತು ನಾಲಗೆಯ ತುದಿಗೆ ಬಂತು. ನಾನು ಚಹಾದ ಲೋಟ ಎತ್ತಿ ಬಾಯಿಗಿಟ್ಟೆ.

ಬೆಳಕಿಗೆ ಕಪ್ಪಾಗುವ ಬೆಳ್ಳಿಯ ನೈಟ್ರೇಟನ್ನು ಕಂದು ಬಾಟಲಿಯಲ್ಲೇ ಯಾಕೆ ಇಡಬೇಕು ಎಂದು ಎಷ್ಟು ಮಕ್ಕಳಿಗೆ ಕಲಿಸಿದ್ದೇನೋ. ಕೇಳದಿದ್ದರೂ ಹೇಳುವುದೇ ನನ್ನ ವೃತ್ತಿಯಾಗಿತ್ತು. ಈ ಒಂದು ಪಾಠವನ್ನು ಮಾತ್ರ ಹೇಳಲಿಲ್ಲ. ಮರುವಾರವೂ ಹೇಳಲಿಲ್ಲ. ಅದರ ಮರುವಾರವೂ ಹೇಳಲಿಲ್ಲ.

ಮಳೆಗಾಲ ಕಳೆದು ಬಿಸಿಲು ಚುರುಕಾದ ಮೇಲೆ ಕೆಲಸ ಶುರುವಾಯಿತು. ಮೊದಲು ಕಿಟಕಿಯ ಕಡೆಯ ಅಂಚಿನಲ್ಲಿ ಕಂದು ನೆರಳು. ಬರಬರುತ್ತ ಹರಳಿನ ಮೈಮೇಲೆ ಸೀಸದಂಥ ಬೂದು ತೊಗಲು. ಪ್ರತಿ ಭಾನುವಾರ ಅವರು ನನ್ನನ್ನು ಅದೇ ಕುರ್ಚಿಯಲ್ಲಿ, ಕಲ್ಲಿಗೆ ಎದುರಾಗಿ ಕೂರಿಸುತ್ತಿದ್ದರು. ನಾನು ಅವರ ಮಾತಿಗೆ ಹೂಂಗುಟ್ಟುತ್ತ, ಕಳೆದ ವಾರಕ್ಕಿಂತ ಎಷ್ಟು ಕೆಂಪು ಕಡಿಮೆಯಾಗಿದೆ ಎಂದು ಅಳೆಯುತ್ತಿದ್ದೆ. ಕಡಿಮೆಯಾಗಿದ್ದರೆ ಪತ್ತಿರಿ ರುಚಿಯಾಗಿರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಗ ನಾಚಿಕೆಯಾಗಲಿಲ್ಲ, ಖುಷಿಯೇ ಆಗುತ್ತಿತ್ತು. ನನಗಿಲ್ಲದ್ದು ಅವರಿಗೂ ಇಲ್ಲದಂತಾಗುತ್ತಿದೆ, ನಾನು ಕೈಯನ್ನೂ ಆಡಿಸಿಲ್ಲ, ಮಾಡುತ್ತಿರುವುದು ಸೂರ್ಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯ ಒಂದು ಭಾನುವಾರ ಸಾಹೇಬರು ಕಲ್ಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಕಪ್ಪಾಯ್ತಲ್ವಾ ಮಾಷ್ಟ್ರೇ?"

"ಹೌದಾ?" ಎಂದು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಅಪ್ಪನ ಮಗನಲ್ಲವೇ, ಅಭಿನಯ ಚೆನ್ನಾಗಿಯೇ ಬಂತು. "ಬೆಳಕಿಗೆ ಹೀಗಾಗ್ತದೆ ಅಂತ ಎಲ್ಲೋ ಓದಿದ ನೆನಪು."

ಅವರು ನಕ್ಕರು. "ಅದು ನನಗೆ ಗೊತ್ತುಂಟು. ಪಾರ್ಸೆಲ್ ಬಂದ ದಿನವೇ ವ್ಯಾಪಾರಿ ಫೋನ್ ಮಾಡಿ ಹೇಳಿದ್ದಾರೆ, ಬಿಸಿಲಿಗಿಡಬೇಡಿ, ಪೆಟ್ಟಿಗೆಯಲ್ಲಿಡಿ ಅಂತ."

"ಮತ್ತೆ ಯಾಕೆ ಇಲ್ಲಿಟ್ರಿ?"

"ಪೆಟ್ಟಿಗೆಯಲ್ಲಿಟ್ರೆ ನೀವು ತೆಗೆದು ತೋರಿಸಿ ಅಂತ ಕೇಳ್ತೀರಾ? ಕೇಳುವ ಜನ ಅಲ್ಲ ನೀವು. ಮೊದಲ ದಿನ ಇಲ್ಲಿ ಬಿಸಿಲಿನಲ್ಲಿ ಇಟ್ಟಾಗ ನಿಮ್ಮ ಕಣ್ಣು ಅದರಿಂದ ಏಳ್ಲಿಲ್ಲ ಮಾರಾಯ್ರೇ. ಮೊದಲು ತಿಂಗಳಿಗೊಮ್ಮೆ ಬರ್ತಿದ್ದವರು ವಾರ ವಾರ ಬರ್ಲಿಕ್ಕೆ ಶುರು ಮಾಡಿದ್ರಿ. ಕಲ್ಲು ಇನ್ನೊಂದು ಸಿಕ್ತದೆ." ಕಲ್ಲನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಹೇಳಿದರು: "ನೀವು ಮಾಷ್ಟ್ರು, ನಿಮಗೂ ಇದು ಗೊತ್ತೇ ಇರ್ತದೆ. ಆದ್ರೂ ಒಳಗಿಡಿ ಅಂತ ನೀವು ಒಂದು ದಿನ ಹೇಳ್ಲಿಲ್ಲ. ನೋಡ್ಲಿಕ್ಕೆ ಅಷ್ಟು ಆಸೆ ಉಂಟು ಅಂತ ನಾನು ತಿಳ್ಕೊಂಡೆ. ಸರಿಯಲ್ವಾ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವರು ಕಾಯುತ್ತಿದ್ದರು. ನನ್ನೊಳಗೆ ಎದ್ದದ್ದು ಪಶ್ಚಾತ್ತಾಪ ಎಂದು ಬರೆದರೆ ಓದುವವರಿಗೆ ಹಿತವಾದೀತು, ಆದರೆ ಅದು ಸುಳ್ಳು. ಎದ್ದದ್ದು ಹೊಟ್ಟೆಕಿಚ್ಚೇ. ಕಲ್ಲಿನ ಮೇಲಲ್ಲ, ಅಂಥ ಕಲ್ಲನ್ನು ಹಾಳಾಗಲು ಬಿಟ್ಟು ನೆಮ್ಮದಿಯಾಗಿ ನಗಬಲ್ಲ ಆ ಮನುಷ್ಯನ ಮೇಲೆ. ನನ್ನ ಮೌನಕ್ಕೆ ಅಷ್ಟು ಒಳ್ಳೆಯ ಅರ್ಥ ನನ್ನಿಂದ ಎಂದೂ ಕಟ್ಟಲಾಗುತ್ತಿರಲಿಲ್ಲ.

"ಹೌದು ಸಾಹೇಬ್ರೇ" ಎಂದೆ.

ಅವರ ಮುಖ ಅರಳಿತು. "ಹಾಗಾದ್ರೆ ಇಲ್ಲೇ ಇರ್ಲಿ" ಎಂದು ಕಲ್ಲನ್ನು ಮತ್ತೆ ಮೇಜಿನ ಮೇಲಿಟ್ಟರು. ಆಮೇಲೆ ನನಗೆ ಚೆನ್ನಾಗಿ ಕಾಣಲಿ ಎಂದು ಇನ್ನೂ ಸ್ವಲ್ಪ ಕಿಟಕಿಯ ಕಡೆಗೆ ಸರಿಸಿದರು.